ಗ್ಯಾರಿ ನೆವಿಲ್ ವಿಶ್ಲೇಷಣೆ: ನಮ್ಮ ರೈಟ್ ಬ್ಯಾಕ್‌ಗಳಿಗೆ ಎಷ್ಟು ಉಪಯೋಗ?

ಹುಬ್ಬಳ್ಳಿ-ಧಾರವಾಡದ ಹುಡುಗರ ಫುಟ್‌ಬಾಲ್ ತಂಡಗಳಲ್ಲಿ ಸ್ಟ್ರೈಕರ್ ಆಗಲು ಎಲ್ಲರೂ ತಯಾರು, ರೈಟ್ ಬ್ಯಾಕ್ (ಬಲ ಅಂಚಿನ ಡಿಫೆಂಡರ್) ಆಗಲು ಯಾರೂ ಇಲ್ಲ. ಕೊನೆಗೆ ಉಳಿದವನನ್ನು ಅಲ್ಲಿ ನಿಲ್ಲಿಸುತ್ತಾರೆ. ಹಾಗೆ ನಿಂತವನಿಗೂ ಅವನ ಕೋಚ್‌ಗೂ ಬ್ರಿಟನ್ನಿನ ಟಿವಿ ವಾಹಿನಿ ಸ್ಕೈ ಸ್ಪೋರ್ಟ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿರುವ ಗ್ಯಾರಿ ನೆವಿಲ್ ವಿಶ್ಲೇಷಣೆಯ ತುಣುಕುಗಳು ಬಿಟ್ಟಿಯಾಗಿ ಸಿಗುವ ಒಳ್ಳೆಯ ಪಾಠ. ಆರಿಸಿ ನೋಡಬೇಕು, ಅಷ್ಟೇ.

ನೆವಿಲ್ ಆಡಿದ್ದು ಒಂದೇ ಕ್ಲಬ್‌ಗೆ. 1992ರಿಂದ 2011ರ ಫೆಬ್ರವರಿವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಪರ 602 ಪಂದ್ಯ, ಇಂಗ್ಲೆಂಡ್ ಪರ 85. ನಿವೃತ್ತಿಯಾದ ವರ್ಷವೇ ಸ್ಕೈ ಸೇರಿ ಸೋಮವಾರ ರಾತ್ರಿಯ ಕಾರ್ಯಕ್ರಮದಲ್ಲಿ ಕುಳಿತರು. ಡ್ರಿಬ್ಲಿಂಗ್ ಅವರ ಬಂಡವಾಳ ಆಗಿರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂಬ ಲೆಕ್ಕದ ಮೇಲೆ ಅಷ್ಟು ವರ್ಷ ಆಡಿದವರು. ಪರದೆಯ ಮುಂದೆ ನಿಂತು ಹೇಳುವುದೂ ಅದನ್ನೇ.

ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ದೂರದ ಕಂಬದ ಪಾಠ. ದಾಳಿ ನಮ್ಮ ಎಡಗಡೆಯಿಂದ ಬಂದಾಗ ರೈಟ್ ಬ್ಯಾಕ್ ಗೋಲಿನ ದೂರದ ಕಂಬ ಕಾಯಬೇಕು. ನಮ್ಮ ಹುಡುಗರು ಅಲ್ಲಿ ಪೂರ್ತಿ ಬಾಲ್ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಎದುರಾಳಿ ವಿಂಗರ್ (ಅಂಚಿನಲ್ಲಿ ದಾಳಿ ಮಾಡುವವನು) ಬೆನ್ನ ಹಿಂದಿನಿಂದ ನುಗ್ಗಿ ಹೆಡ್ ಮಾಡುತ್ತಾನೆ. ಕೋಚ್ 'ಬಾಲ್ ನೋಡ್ಕೋತ ನಿಂತಿ, ಮ್ಯಾನ್ ಎಲ್ಲಿ?' ಎಂದು ಕೂಗುತ್ತಾರೆ, ಆದರೆ ಕಾಲು ಹೇಗಿಡಬೇಕು ಎಂದು ಹೇಳುವುದಿಲ್ಲ. ಸರಿಯಾದ ನಿಲುವು ಅಡ್ಡಡ್ಡ: ಒಂದು ಭುಜ ಬಾಲ್ ಕಡೆ, ಇನ್ನೊಂದು ವಿಂಗರ್ ಕಡೆ, ನಡುವಿನ ಡಿಫೆಂಡರ್ ಆದ ಸೆಂಟರ್ ಬ್ಯಾಕ್‌ನಿಂದ ನಾಲ್ಕೈದು ಹೆಜ್ಜೆ ದೂರ. ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಬಾಲ್) ಬರುವ ಮೊದಲೇ ಒಂದೆರಡು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು. ಬಾಲ್ ಗಾಳಿಗೆ ಏರಿದ ಮೇಲೆ ನೋಡಿದರೆ ಹೊತ್ತು ಮೀರಿರುತ್ತದೆ. ನೆವಿಲ್ ತುಣುಕಿನಲ್ಲಿ ಚಿತ್ರ ನಿಲ್ಲಿಸಿ ಈ ಭುಜ, ಈ ಅಂತರವನ್ನು ತೋರಿಸುವಾಗ ತಪ್ಪು ಗೋಲಿಗಿಂತ ಎಷ್ಟು ಮುಂಚೆ ಆಗಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ.

ಓವರ್‌ಲ್ಯಾಪ್, ಅಂದರೆ ಮುಂದಿರುವ ಜೊತೆಗಾರನನ್ನು ಹೊರಗಿನಿಂದ ದಾಟಿ ಓಡುವುದರ ಬಗ್ಗೆಯೂ ಅವರ ಮಾತು ಕೇಳುವಂಥದ್ದು. ಬಲ ಅಂಚಿನಲ್ಲಿ ಮುಂದೆ ಆಡುತ್ತಿದ್ದ ಡೇವಿಡ್ ಬೆಕಮ್ ಹಿಂದೆ ವರ್ಷಗಟ್ಟಲೆ ಓಡಿದ ಕಾಲು ಅದು. ಎಷ್ಟೋ ಸಲ ಬಾಲ್ ಅವರಿಗೆ ಸಿಗುತ್ತಲೇ ಇರಲಿಲ್ಲ. ಹೊರಗಡೆ ಓಡಿದವನ ಹಿಂದೆ ಡಿಫೆಂಡರ್ ಒಂದು ಹೆಜ್ಜೆ ಸರಿದರೆ ಸಾಕು, ಬೆಕಮ್‌ಗೆ ಕ್ರಾಸ್ ಮಾಡಲು ಜಾಗ ಸಿಕ್ಕಿತು. ಬಾಲ್ ಸಿಗದ ಓಟ ದಂಡವಲ್ಲ ಎಂದು ಹುಡುಗರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

2013ರಲ್ಲಿ ಲಿವರ್‌ಪೂಲ್‌ನ ಜೇಮಿ ಕ್ಯಾರಗರ್ ಜೊತೆಯಾದ ಮೇಲೆ ಕಾರ್ಯಕ್ರಮದ ತೂಕ ಹೆಚ್ಚಿತು. ಒಬ್ಬರು ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಕಣ್ಣಿನಿಂದ, ಇನ್ನೊಬ್ಬರು ಸೆಂಟರ್ ಬ್ಯಾಕ್ ಕಣ್ಣಿನಿಂದ ಒಂದೇ ಗೋಲನ್ನು ಬಿಡಿಸುತ್ತಾರೆ.

ಕೊರತೆಗಳೂ ಇವೆ. ಯಾರು ಶ್ರೇಷ್ಠ, ಯಾವ ತಂಡ ನಾಲ್ಕನೆಯದು ಎಂಬ ವಾಗ್ವಾದದ ವಿಡಿಯೊಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳಿಂದ ಆಟಗಾರನಿಗೆ ಪ್ರಯೋಜನವಿಲ್ಲ. ಉತ್ತರ ಇಂಗ್ಲೆಂಡಿನ ಉಚ್ಚಾರ, ಮಾತಿನ ಓಟ ಎರಡೂ ಕಷ್ಟ ಕೊಡುತ್ತವೆ. ವೇಗ 0.75ಕ್ಕೆ ಇಳಿಸಿ, ಕ್ಯಾಪ್ಶನ್ ಹಾಕಿಕೊಳ್ಳಿ. ಇನ್ನು, ಬಿಡಿಸಿ ಹೇಳುವುದೂ ತಂಡ ಕಟ್ಟುವುದೂ ಒಂದೇ ಅಲ್ಲ: 2015ರ ಡಿಸೆಂಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾ ಕ್ಲಬ್ಬಿನ ಕೋಚ್ ಆದ ನೆವಿಲ್, ಲೀಗ್‌ನ 16 ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದು ಮಾರ್ಚ್ ಕೊನೆಗೆ ಕೆಲಸ ಕಳೆದುಕೊಂಡರು. ಅವರ ಮಾತನ್ನು ಒಬ್ಬ ಡಿಫೆಂಡರ್‌ನ ತಿಳಿವಳಿಕೆ ಎಂದು ತೆಗೆದುಕೊಳ್ಳಿ, ಪೂರ್ತಿ ತರಬೇತಿ ಎಂದಲ್ಲ.

ಟರ್ಫ್‌ನಲ್ಲಿ ಐದು, ಏಳು ಜನ ಆಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ (ಡಿಫೆಂಡರ್‌ಗಳನ್ನು ದಾಟಿ ನಿಂತವನಿಗೆ ಬಾಲ್ ಕೊಡಬಾರದೆಂಬ ನಿಯಮ) ಇರುವುದಿಲ್ಲ. ಡಿಫೆಂಡರ್‌ಗಳ ಲೈನ್ ಮುಂದಕ್ಕೆ ತರುವ ಪಾಠವನ್ನು ಹಾಗೇ ಎತ್ತಿಕೊಂಡು ಬಂದರೆ ಎದುರಾಳಿ ಸ್ಟ್ರೈಕರ್ ಆ ಲೈನಿನ ಹಿಂದೆ ಉಳಿದು ಆರಾಮಾಗಿ ಗೋಲು ಹೊಡೆಯುತ್ತಾನೆ. ಅದನ್ನು ಹನ್ನೊಂದು ಜನರ ಮೈದಾನಕ್ಕೆ ಇಟ್ಟುಕೊಳ್ಳಿ.

ತಂಡಕ್ಕೆ ತೋರಿಸುವುದಾದರೆ ಮೊದಲ ಸಲ ದನಿ ಮುಚ್ಚಿ. ಕ್ರಾಸ್‌ಗಿಂತ ಎರಡು ಸೆಕೆಂಡ್ ಮೊದಲು ನಿಲ್ಲಿಸಿ ರೈಟ್ ಬ್ಯಾಕ್ ಎಲ್ಲಿ ನೋಡುತ್ತಿದ್ದಾನೆ ಎಂದು ಕೇಳಿ; ಹುಡುಗರು ಉತ್ತರ ಕೊಟ್ಟ ಮೇಲೆ ದನಿ ಹಾಕಿ. ಮಾರನೆಯ ಬೆಳಗ್ಗೆ ಮೈದಾನದಲ್ಲಿ ಎಡಗಡೆಯಿಂದ ಹತ್ತು ಕ್ರಾಸ್ ಹಾಕಿಸಿ. ಇಂಗ್ಲೆಂಡಿನ ಸೋಮವಾರದ ಪಂದ್ಯ ನಮ್ಮಲ್ಲಿ ಶುರುವಾಗುವುದೇ ಬ್ರಿಟನ್ನಿನ ಬೇಸಿಗೆಯ ಗಡಿಯಾರ ಇರುವಾಗ ರಾತ್ರಿ 12:30ಕ್ಕೆ, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ 1:30ಕ್ಕೆ. ಬೆಳಗಿನ ಅಭ್ಯಾಸ ಇರುವವರು ನಿದ್ದೆಗೆಟ್ಟು ಕೂರುವುದು ಬೇಡ, ಮಂಗಳವಾರ ಸಂಜೆ ತುಣುಕು ನೋಡಿದರೆ ಸಾಕು.