ನೇತ್ರಾಣಿ ಅಂತ ದುಡ್ಡು ತಗೊಂಡು ಬೇರೆಲ್ಲೋ ಮುಳುಗಿಸ್ತಾರೆ, ಹುಷಾರ್

ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು) ಮಾಡಬೇಕು ಅಂತ ಪ್ಲಾನ್ ಹಾಕಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕಳಿಸಿ. ನಮ್ಮ ಹತ್ತಿರ ನೇತ್ರಾಣಿಗೆ ಅಂತ ದುಡ್ಡು ತಗೊಂಡರು, ನೇತ್ರಾಣಿಗೆ ಕರ್ಕೊಂಡೇ ಹೋಗಲಿಲ್ಲ. ಹೆಸರು ಹಾಕ್ತಿಲ್ಲ, ದೂರು ಕೊಟ್ಟಿದ್ದೇನೆ, ಅದೊಂದು ಮುಗೀಲಿ.

ಇನ್‌ಸ್ಟಾಗ್ರಾಮಲ್ಲಿ ಜಾಹೀರಾತು ನೋಡಿ ವಾಟ್ಸಾಪ್ ಮಾಡಿದ್ದು. ಏಜೆಂಟ್ ಮಾತು ಬೆಣ್ಣೆ. ನೇತ್ರಾಣಿ ದ್ವೀಪದ ಪಕ್ಕದಲ್ಲೇ ಡೈವ್, 12 ಮೀಟರ್ ಆಳದವರೆಗೆ, ನೀರೊಳಗೆ ಅರ್ಧ ಗಂಟೆ, ಒಬ್ಬೊಬ್ಬರಿಗೂ ಒಬ್ಬೊಬ್ಬ ಇನ್‌ಸ್ಟ್ರಕ್ಟರ್, ಫೋಟೋ ವಿಡಿಯೋ ಫ್ರೀ. ತಲೆಗೆ 5,500. ಅರ್ಧ ಮೊದಲೇ ಫೋನ್‌ಪೇ, ಉಳಿದರ್ಧ ದಡದಲ್ಲಿ. ಎಲ್ಲರೂ ಹೀಗೇ ಅಲ್ವಾ ತಗೊಳ್ಳೋದು. ಡಿಸೆಂಬರ್ ಕೊನೆ, ಮಳೆಗಾಲ ಮುಗಿದು ನೀರು ತಿಳಿಯಾಗಿರುವ ಸಮಯ. ನಾನು, ನನ್ನ ಹೆಂಡತಿ, ಅವಳ ತಮ್ಮ, ಅವನ ಹೆಂಡತಿ ಹೊರಟೆವು. ಮನೆಯವರನ್ನೆಲ್ಲ ಒಪ್ಪಿಸಿ ಕರ್ಕೊಂಡು ಹೋಗಿದ್ದು ನಾನು. ಅದೇ ಹೊಟ್ಟೆ ಉರಿಯೋದು.

ಮೊದಲು ಫಾರ್ಮ್ ವಿಷಯ ಹೇಳ್ತೀನಿ, ದುಡ್ಡಿಗಿಂತ ಜಾಸ್ತಿ ಕೋಪ ಬಂದಿದ್ದು ಅದಕ್ಕೆ. ಸ್ಕೂಬಾಗೆ ಮುಂಚೆ ಆರೋಗ್ಯದ ಒಂದು ಫಾರ್ಮ್ ತುಂಬಿಸ್ತಾರೆ. ಅಸ್ತಮಾ ಇದೆಯಾ, ಹಾರ್ಟ್ ತೊಂದರೆ ಇದೆಯಾ, ಕಿವಿ ಆಪರೇಷನ್ ಆಗಿದೆಯಾ ಅಂತೆಲ್ಲ. ಭಾಮೈದನಿಗೆ ವೀಜಿಂಗ್ ಇದೆ, ಇನ್‌ಹೇಲರ್ ಜೇಬಲ್ಲಿಟ್ಟುಕೊಂಡೇ ಓಡಾಡೋದು. ಅವನು ಪ್ರಾಮಾಣಿಕವಾಗಿ ಹೌದು ಅಂತ ಬರೆದ. ಅಲ್ಲಿದ್ದ ಹುಡುಗ ಆ ಹಾಳೆ ಹರಿದು ಹಾಕಿದ. ಹೌದು, ನಮ್ಮ ಎದುರಿಗೇ ಹರಿದ! ಹೊಸ ಹಾಳೆ ತಗೊಂಡು, ಎಲ್ಲದಕ್ಕೂ ಇಲ್ಲ ಅಂತ ತಾನೇ ಟಿಕ್ ಹಾಕಿ, "ಸೈನ್ ಮಾಡಿ ಸರ್, ಬೋಟ್ ಹೊರಟಿದೆ. ಹೌದು ಅಂತ ಬರೆದರೆ ಡಾಕ್ಟರ್ ಲೆಟರ್ ಬೇಕಾಗುತ್ತೆ, ಅಡ್ವಾನ್ಸ್ ವಾಪಸ್ ಇಲ್ಲ" ಅಂದ. ಹತ್ತು ಮೀಟರ್ ಕೆಳಗೆ ಹೋದರೆ ಒತ್ತಡ ಎರಡು ಪಟ್ಟಾಗುತ್ತೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತೆ. ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ, ಅದಕ್ಕೇ ಆ ಪ್ರಶ್ನೆ ಇರೋದು. ಅದನ್ನು ಹರಿದು ಹಾಕ್ತಾರೆ ಅಂದ್ರೆ ಏನು ಹೇಳೋದು.

ಸರಿ, ಬೋಟ್ ಹೊರಟಿತು. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ. ಬೋಟಲ್ಲಿ ಒಂದು ಗಂಟೆಗಿಂತ ಜಾಸ್ತಿ ಬೇಕು ಅಂತ ಏಜೆಂಟೇ ಹೇಳಿದ್ದ, ವಾಂತಿಗೆ ಮಾತ್ರೆ ತಗೊಳ್ಳಿ ಅಂತಾನೂ ಹೇಳಿದ್ದ. ತಗೊಂಡಿದ್ವಿ. ಮಾತ್ರೆ ಗಂಟಲಿಂದ ಇಳಿಯೋಕೆ ಮುಂಚೆ ಎಂಜಿನ್ ನಿಂತಿತು. ಹಿಂದೆ ತಿರುಗಿ ನೋಡಿದರೆ ದೇವಸ್ಥಾನದ ರಾಜಗೋಪುರ ಅಲ್ಲೇ ಇದೆ! 20 ಅಂತಸ್ತನ್ನೂ ಎಣಿಸಬಹುದಿತ್ತು. ಪಕ್ಕದಲ್ಲಿ ಒಂದಷ್ಟು ಬಂಡೆ. ದ್ವೀಪವೂ ಇಲ್ಲ, ಏನೂ ಇಲ್ಲ.

"ಇದೇನು, ನೇತ್ರಾಣಿ ಎಲ್ಲಿ?" ಅಂದೆ.

"ಇವತ್ತು ಅಲೆ ಜಾಸ್ತಿ ಸರ್, ಅಲ್ಲಿಗೆ ಯಾರೂ ಹೋಗ್ತಿಲ್ಲ. ಇದೂ ಅದೇ ಸಮುದ್ರ ಅಲ್ವಾ."

ಇದೂ ಅದೇ ಸಮುದ್ರ! ಹಾಗಂದ್ರೆ ಉಳ್ಳಾಲದ ಬೀಚಲ್ಲಿ ಬಕೆಟ್ ಮುಳುಗಿಸಿ ನೇತ್ರಾಣಿ ಅಂತ ಮಾರಬಹುದು. ಭಾಮೈದ ನನ್ನ ಮುಖ ನೋಡಿ, "ಭಾವ, ಮನೇಲಿ ಏನಂತ ಹೇಳೋದು?" ಅಂತ ನಗ್ತಾ ಇದ್ದಾನೆ. ನನಗೆ ನಗು ಬರಲಿಲ್ಲ.

ಉಳಿದ ದುಡ್ಡನ್ನು ದಡದಲ್ಲೇ ವಸೂಲಿ ಮಾಡಿದ್ದರಲ್ಲ, ಹಾಗಾಗಿ ಇಳಿದೆವು. ಇಳಿಯೋ ಮುಂಚೆ ನನ್ನ ಸಿಲಿಂಡರಿನ ಗೇಜ್, ಅಂದ್ರೆ ಒಳಗೆ ಎಷ್ಟು ಗಾಳಿ ಇದೆ ಅಂತ ತೋರಿಸುವ ಮೀಟರ್, ನೋಡಿದೆ. ತುಂಬಿದ ಸಿಲಿಂಡರ್ ಅಂದ್ರೆ 200 ಬಾರ್ ಹತ್ತಿರ ಇರಬೇಕು. ಮುಳ್ಳು 110ರಲ್ಲಿತ್ತು. ಕೇಳಿದ್ದಕ್ಕೆ "ಗೇಜ್ ಸ್ವಲ್ಪ ಹಾಳಾಗಿದೆ ಸರ್, ಟೆನ್ಶನ್ ಬೇಡ" ಅಂದ. ಗೇಜ್ ಹಾಳಾಗಿದ್ರೆ ಟೆನ್ಶನ್ ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ?

ನೀರು ಮಬ್ಬು. ಕೈ ಚಾಚಿದರೆ ಬೆರಳು ಸರಿಯಾಗಿ ಕಾಣ್ತಿರಲಿಲ್ಲ. ಒಬ್ಬೊಬ್ಬರಿಗೆ ಒಬ್ಬ ಅಂದಿದ್ದು ಸುಳ್ಳು, ನಮ್ಮ ನಾಲ್ಕು ಜನಕ್ಕೆ ಇಬ್ಬರು. ಒಂದು ಹಗ್ಗ ಹಿಡಿಸಿ ಅಲ್ಲೇ ನಿಲ್ಲಿಸಿದರು. ನನ್ನ ಜೊತೆಗಿದ್ದ ಇನ್‌ಸ್ಟ್ರಕ್ಟರ್ ಕೈಯಲ್ಲಿದ್ದ, ಆಳ ತೋರಿಸುವ ಡೈವ್ ಕಂಪ್ಯೂಟರ್ ನನ್ನ ಮಾಸ್ಕಿನ ಮುಂದೆಯೇ ಇತ್ತು. 3.8 ಮೀಟರ್ ಅಂತ ತೋರಿಸ್ತಿತ್ತು. 9 ನಿಮಿಷಕ್ಕೆ ನನ್ನನ್ನು ಮೇಲೆ ತಂದರು. ನೋಡಿದ್ದು ಬಂಡೆಗೆ ಅಂಟಿದ ಪಾಚಿ, ಒಂದೆರಡು ಸಣ್ಣ ಮೀನು. ಹವಳ ಅನ್ನೋದು ಜಾಹೀರಾತಲ್ಲೇ ಉಳಿಯಿತು.

ಭಾಮೈದನ ಕಥೆ ಇನ್ನೂ ಚೆನ್ನಾಗಿದೆ. ನೀರೊಳಗೆ ಫೋಟೋ ತೆಗೆಯುವಾಗ ಸೂಪರ್ ಅಂತ ಹೆಬ್ಬೆರಳು ಎತ್ತಿದ. ಸ್ಕೂಬಾದಲ್ಲಿ ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಅಂತ. ಎಲ್ಲ ಸರಿಯಿದೆ ಅನ್ನೋದಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇದನ್ನು ದಡದಲ್ಲೇ ಹೇಳಿಕೊಡಬೇಕಾದವರು ಹೇಳಿಕೊಡಲೇ ಇಲ್ಲ. ತಕ್ಷಣ ಮೇಲೆ ಎಳೆದು ತಂದು ಸಿಲಿಂಡರ್ ಬಿಚ್ಚಿದರು. ಮತ್ತೆ ಇಳಿಸಿ ಅಂದರೆ "ಅವರೇ ಸಿಗ್ನಲ್ ಕೊಟ್ಟರಲ್ಲ ಸರ್, ನಾವೇನು ಮಾಡೋದು" ಅಂದರು.

ವಾಪಸ್ ಬಂದು ಲಾಡ್ಜ್ ಹತ್ತಿರ ಟೀ ಕುಡೀತಿದ್ವಿ. ಪಕ್ಕದ ಟೇಬಲ್ಲಿನ ಹುಬ್ಬಳ್ಳಿಯವರು ಮೊಬೈಲಲ್ಲಿ ವಿಡಿಯೋ ನೋಡ್ತಿದ್ದರು. ನೀಲಿ ನೀರು, ಚಿಟ್ಟೆ ಮೀನುಗಳ ಗುಂಪು, ಕಡಿದಾದ ದ್ವೀಪ. ಯಾವತ್ತು ಹೋಗಿದ್ರಿ ಅಂದೆ. ಇವತ್ತೇ ಬೆಳಿಗ್ಗೆ, ಬೇರೆ ಕಂಪನಿಯ ಬೋಟಲ್ಲಿ ನೇತ್ರಾಣಿಗೆ ಹೋಗಿ ಬಂದೆವು ಅಂದರು. ಆಗ ಆದ ಅವಮಾನ ಹೇಳೋಕಾಗಲ್ಲ. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ, ಟೀ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು ಅಷ್ಟೇ. ಯಾರೂ ಹೋಗ್ತಿಲ್ಲ ಅಂದಿದ್ದರಲ್ಲ, ಯಾರೂ!

ರಾತ್ರಿ ಫೋಟೋ ಕಳಿಸಿದರು. ಆಮೆ ಇದೆ, ಹವಳ ಇದೆ. ನಮ್ಮೆಲ್ಲರಿಗೂ ಕೊಟ್ಟಿದ್ದು ಕಪ್ಪು ಮಾಸ್ಕ್, ಫೋಟೋದಲ್ಲಿರುವವನಿಗೆ ಹಳದಿ ಮಾಸ್ಕ್, ಮೇಲೆ ಗಡ್ಡ ಬೇರೆ. ನನಗೆ ಗಡ್ಡ ಇಲ್ಲ.

ದುಡ್ಡು ವಾಪಸ್ ಕೇಳಿದಾಗ ಏಜೆಂಟ್ ಕಳಿಸಿದ ಉತ್ತರಗಳು ಇವು. "ಲೊಕೇಶನ್ ಬದಲಾಗಬಹುದು ಅಂತ ಟರ್ಮ್ಸಲ್ಲಿ ಇದೆ." ಯಾವ ಟರ್ಮ್ಸ್, ಕಳಿಸಿ ಅಂದೆ, ಕಳಿಸಲಿಲ್ಲ. "ಮೀನು ನಮ್ಮ ಸ್ಟಾಫ್ ಅಲ್ಲ ಸರ್, ಕರೆದಾಗ ಬರೋಕೆ." ಇದನ್ನು ನಗುವ ಇಮೋಜಿ ಹಾಕಿ ಕಳಿಸಿದ್ದಾನೆ. ಗೇಜ್ ಬಗ್ಗೆ, ಹರಿದ ಫಾರ್ಮ್ ಬಗ್ಗೆ ಕೇಳಿದ್ದಕ್ಕೆ "ಏನೂ ಆಗಿಲ್ಲವಲ್ಲ ಸರ್, ಸೇಫಾಗಿ ಬಂದಿದೀರಲ್ಲ" ಅಂತ. ಕೊನೆಗೆ ಮುಂದಿನ ಸಲಕ್ಕೆ 500 ಡಿಸ್ಕೌಂಟ್ ಕೊಡ್ತೀವಿ ಅಂದ. ಬೇಡ ಅಂದೆ, ಬ್ಲಾಕ್ ಮಾಡಿದ.

ಹೋಗುವವರು ಹೋಗಿ, ನೇತ್ರಾಣಿ ಚೆನ್ನಾಗಿದೆ ಅಂತ ಆ ಹುಬ್ಬಳ್ಳಿಯವರ ವಿಡಿಯೋದಲ್ಲೇ ಗೊತ್ತಾಯ್ತು. ಆದರೆ ಏಜೆಂಟ್ ಬಿಟ್ಟು ಡೈವ್ ಸೆಂಟರಿಗೇ ನೇರವಾಗಿ ಹೋಗಿ ಮಾತಾಡಿ. "ನೇತ್ರಾಣಿಗೆ ಹೋಗದಿದ್ದರೆ ದುಡ್ಡು ವಾಪಸ್" ಅಂತ ಮೆಸೇಜಲ್ಲಿ ಬರೆಸಿಕೊಳ್ಳಿ. ಉಳಿದರ್ಧ ದ್ವೀಪ ಕಣ್ಣಿಗೆ ಬಿದ್ದ ಮೇಲೇ ಕೊಡಿ. ಗೇಜ್ ನೋಡದೆ ನೀರಿಗೆ ಇಳಿಯಬೇಡಿ. ಮಂಗಳೂರಿಂದಲೋ ಗೋವಾದಿಂದಲೋ ಫ್ಲೈಟ್ ಹಿಡಿಯುವವರು ಡೈವ್ ಆದ ಮೇಲೆ ಕಡಿಮೆ ಅಂದ್ರೂ 12 ಗಂಟೆ ಬಿಡಬೇಕು. ಅದನ್ನೂ ನಮಗೆ ಯಾರೂ ಹೇಳಲಿಲ್ಲ.

1915ಕ್ಕೆ, ಅಂದ್ರೆ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ಸ್ಕ್ರೀನ್‌ಶಾಟ್ ಎಲ್ಲ ಕೊಟ್ಟಿದ್ದೇನೆ. ನಿನ್ನೆ ಬೇರೆ ನಂಬರಿಂದ ಮೆಸೇಜ್ ಬಂತು, ಒಂದು ಸ್ಟಾರ್ ರಿವ್ಯೂ ತೆಗೆದರೆ ಅರ್ಧ ದುಡ್ಡು ವಾಪಸ್ ಕೊಡ್ತಾರಂತೆ. ನಾನು ತೆಗೆಯಲ್ಲ. ಆ ಗಡ್ಡದವನ ಫೋಟೋನೂ ಅದಕ್ಕೇ ಸೇರಿಸಿದ್ದೇನೆ.