ತಲಕಾಡು: ಮುನ್ನೂರು ರೂಪಾಯಿಯ ಮಾರ್ಗದರ್ಶಕರು

ಶಾಪದ ಊರನ್ನು ಕಾಣಲೆಂದು ನಾನೂ ತಮ್ಮನೂ ಮೈಸೂರಿನಿಂದ ಬಸ್ಸಿನಲ್ಲಿ ಹೋದೆವು. ಬುತ್ತಿಗೆ ಮನೆಯ ಚಿತ್ರಾನ್ನ. ಇಬ್ಬರ ಖರ್ಚು 700 ರೂಪಾಯಿ ದಾಟಲಿಲ್ಲ. ಅದರಲ್ಲಿ 300 ಮಾರ್ಗದರ್ಶಕರಿಗೆ. ಕೊಟ್ಟದ್ದು ಸಾರ್ಥಕ. ಮರಳಿನ ನಡುವೆ ತಗ್ಗಿನಲ್ಲಿರುವ ಪಾತಾಳೇಶ್ವರನ ಗುಡಿಗೆ ಇಳಿಯುವಾಗ ಅವರು ದನಿ ತಗ್ಗಿಸಿ, ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂದರು. ಮೈ ಜುಮ್ಮೆಂದಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದ ಬಳಿಕ, ಒಡವೆಗಾಗಿ ಬೆನ್ನಟ್ಟಿದವರಿಗೆ ಸಿಗದೆ, ಅಲ್ಲಿ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಈ ಶಾಪವಿಟ್ಟು ಕಾವೇರಿಗೆ ಹಾರಿದಳಂತೆ. ಆ ಹೆಣ್ಣಿನ ಸಂಕಟವನ್ನು ಅವರು ಅವಸರವಿಲ್ಲದೆ ಹೇಳಿದರು. ಊರು ಮರಳಾಗಲು ಹೊಳೆಯ ತಿರುವು, ಮರಳು ಹೊತ್ತು ತರುವ ಗಾಳಿ ಕಾರಣವೆಂಬುದನ್ನೂ ಮುಚ್ಚಿಡಲಿಲ್ಲ. ನನಗೆ ಗೌರವ ಹೆಚ್ಚಿತು. ಆದರೆ ಹೊಳೆದಂಡೆಯ ಊರಾದ ಮಾಲಂಗಿಯನ್ನು ತೋರಿಸುವೆನೆಂದವರು ಹೊತ್ತಾಯಿತೆಂದು ಬಿಟ್ಟರು, ಬೇಸರವಾಯಿತು. ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದರೆ ಮರಳು ಕಾಲು ಸುಡುತ್ತದೆ.