ಸ್ವೀಡನ್ನಿನ ಗಡಿಗಳು ಸರಿದ ಬಗೆ: ಲಾಂಟ್‌ಮೇಟೆರಿಯೆಟ್‌ನ ಐತಿಹಾಸಿಕ ನಕ್ಷೆಗಳ ಸೇವೆ

ಸ್ವೀಡನ್ನಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಲಾಂಟ್‌ಮೇಟೆರಿಯೆಟ್ ತನ್ನ ಹಳೆಯ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಒಂದು ದೇಶದ ಪ್ರಾಂತಗಳು ಕಾಲಕಾಲಕ್ಕೆ ಹೇಗೆ ಒಡೆದವು, ಹೇಗೆ ಕೂಡಿಕೊಂಡವು ಎಂಬುದನ್ನು ಮೂಲ ದಾಖಲೆಗಳಿಂದಲೇ ತಿಳಿಯಬಯಸುವವರಿಗೆ ನಾನು ಮೊದಲು ಸೂಚಿಸುವ ತಾಣ ಇದು. ಆದರೆ ಇದನ್ನು ಬಳಸಬೇಕಾದರೆ ಇಂದಿನ ಭೂಪಟವನ್ನು ಸ್ವಲ್ಪ ಹೊತ್ತು ಮರೆಯಬೇಕಾಗುತ್ತದೆ.

ಸ್ವೀಡನ್ನಿನಲ್ಲಿ ಪ್ರದೇಶವನ್ನು ಹೇಳುವ ಕ್ರಮ ಒಂದೇ ಅಲ್ಲ. ಲಾಂಡ್‌ಸ್ಕಾಪ್ ಎಂಬ 25 ಪ್ರಾಚೀನ ಪ್ರಾಂತಗಳಿಗೆ ಇಂದು ಆಡಳಿತದಲ್ಲಿ ಯಾವ ಪಾತ್ರವೂ ಇಲ್ಲದಿದ್ದರೂ, ಜನ ತಮ್ಮ ಊರಿನ ಸೀಮೆಯನ್ನು ಈಗಲೂ ಅವುಗಳ ಹೆಸರಿನಿಂದಲೇ ಗುರುತಿಸುತ್ತಾರೆ. ಆಡಳಿತ ನಡೆಯುವುದು 21 ಲೇನ್‌ಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ. ಈ ಜಿಲ್ಲಾ ವ್ಯವಸ್ಥೆಗೆ 1634ರ ಆಡಳಿತ ಸಂವಿಧಾನ ಬುನಾದಿ ಹಾಕಿತು. ಸ್ಥಳೀಯ ಆಡಳಿತ 290 ಕೊಮ್ಯೂನ್‌ಗಳ, ಅಂದರೆ ಪುರಸಭೆಗಳ, ಕೈಯಲ್ಲಿದೆ. ಲೇನ್, ಕೊಮ್ಯೂನ್‌ಗಳಿಗಿಂತ ಹಳೆಯದು, ಒಂದು ಚರ್ಚಿಗೆ ಸೇರಿದ ಊರುಗಳ ಗುಂಪಾದ ಸೊಕೆನ್. ಈ ಸೇವೆಯಲ್ಲಿ ಹುಡುಕಾಟದ ಕೀಲಿ ಇರುವುದು ಸೊಕೆನ್ನಿನಲ್ಲಿಯೇ. ಜಿಲ್ಲೆಗಳು ಸೇರಿ ಹೋಗಿವೆ, ಪುರಸಭೆಗಳು ಹಲವು ಬಾರಿ ಪುನರ್ವಿಂಗಡಣೆಗೊಂಡಿವೆ. 1952ರ ಒಂದೇ ಸುಧಾರಣೆಯಲ್ಲಿ ಸುಮಾರು 2,500 ಇದ್ದ ಪುರಸಭೆಗಳ ಸಂಖ್ಯೆ 1,037ಕ್ಕೆ ಇಳಿಯಿತು. ಅಷ್ಟಾದರೂ ಸೊಕೆನ್ನಿನ ಹೆಸರು ಹಿಡಿದು ಹೊರಟವರಿಗೆ ದಾರಿ ತಪ್ಪುವುದಿಲ್ಲ.

ಈ ಮಾತಿಗೆ ಹಾಬೊ ಒಳ್ಳೆಯ ಉದಾಹರಣೆ. ಹಾಬೊ ಇಂದು ಯೋನ್‌ಶೋಪಿಂಗ್ ಜಿಲ್ಲೆಯಲ್ಲಿದೆ. ಆದರೆ ಜಿಲ್ಲಾ ಭೂಮಾಪನ ಕಚೇರಿಗಳ ಸಂಗ್ರಹದಲ್ಲಿ ಅಲ್ಲಿನ ಹಳೆಯ ಕಡತಗಳ ಸಂಖ್ಯೆ 16ರಿಂದ ಆರಂಭವಾಗುತ್ತದೆ. 16 ಎಂದರೆ ಸ್ಕಾರಾಬೊರಿ ಜಿಲ್ಲೆಯ ಸಂಕೇತ. 1998ರಲ್ಲಿ ಸ್ಕಾರಾಬೊರಿ ಪಕ್ಕದ ಜಿಲ್ಲೆಗಳೊಂದಿಗೆ ಸೇರಿ ವೆಸ್ಟ್ರಾ ಯೋತಲಂಡ್ ಆದಾಗ, ಹಾಬೊ ಮತ್ತು ಮುಲ್ಶೋ ಪುರಸಭೆಗಳು ಅದರೊಳಗೆ ಹೋಗದೆ ಯೋನ್‌ಶೋಪಿಂಗ್‌ಗೆ ಸೇರಿದವು. ಜಿಲ್ಲೆ ಇಲ್ಲವಾದರೂ ಕಡತದ ನೆತ್ತಿಯ ಮೇಲೆ ಅದರ ಸಂಕೇತ ಉಳಿದುಕೊಂಡಿದೆ. 2007ರಲ್ಲಿ ವೆಸ್ಟ್‌ಮನ್‌ಲಂಡ್‌ನಿಂದ ಉಪ್ಸಾಲಾ ಜಿಲ್ಲೆಗೆ ಬಂದ ಹೇಬಿಯ ಸ್ಥಿತಿಯೂ ಇದೇ. ಅದರ ಕಡತಗಳಿಗೆ 19 ಎಂಬ ಸಂಕೇತವಿದೆ. ಹೊಸಬರು ಇದನ್ನು ಗೊಂದಲವೆಂದು ಭಾವಿಸಬಹುದು. ನನಗೆ ಇದು ಈ ಸಂಗ್ರಹದ ದೊಡ್ಡ ಗುಣ, ಏಕೆಂದರೆ ದಾಖಲೆ ಹುಟ್ಟಿದ ಕಾಲದ ಆಡಳಿತ ಗಡಿಯನ್ನು ಯಾರೂ ತಿದ್ದಿ ಸರಿಪಡಿಸಿಲ್ಲ.

ಇನ್ನೂ ಕುತೂಹಲಕರವಾದದ್ದು ಎಲ್ಲಿ ನಕ್ಷೆಗಳಿಲ್ಲ ಎಂಬ ಸಂಗತಿ. ದೊರೆ ಎರಡನೆಯ ಗುಸ್ಟಾವ್ ಅಡಾಲ್ಫ್ 1628ರಲ್ಲಿ ಆಂಡ್ರೆಯಾಸ್ ಬುರೆಯುಸ್‌ಗೆ ದೇಶದ ಅಳತೆಯ ಹೊಣೆ ಒಪ್ಪಿಸಿದ ಮೇಲೆ, 1630 ಮತ್ತು 1640ರ ದಶಕಗಳಲ್ಲಿ ಊರೂರಿನ ಹೊಲಗಳನ್ನು ಅಳೆದು ನಕ್ಷೆ ಬರೆಯಲಾಯಿತು. ದಕ್ಷಿಣದ ಸ್ಕೋನೆ ಮತ್ತು ಬ್ಲೆಕಿಂಗೆ ಪ್ರಾಂತಗಳಲ್ಲಿ ಆ ಕಾಲದ ಸ್ವೀಡಿಷ್ ನಕ್ಷೆಗಳನ್ನು ಹುಡುಕಿ ಫಲವಿಲ್ಲ. ಅವು ಆಗ ಡೆನ್ಮಾರ್ಕಿನವು. 1658ರ ರಾಸ್ಕಿಲ್ಡೆ ಒಪ್ಪಂದದ ನಂತರವೇ ಅವು ಸ್ವೀಡನ್ನಿಗೆ ಬಂದವು, ಅದೇ ಒಪ್ಪಂದದಲ್ಲಿ ನಾರ್ವೆಯ ಕಡೆಯಿಂದ ಬೋಹುಸ್ಲೇನ್ ಬಂದಿತು. ಯೆಮ್ಟ್‌ಲಂಡ್, ಹೆರ್ಯೆದಾಲೆನ್, ಗಾಟ್‌ಲಂಡ್‌ಗಳು 1645ರ ಬ್ರೋಮ್ಸೆಬ್ರೂ ಒಪ್ಪಂದದಲ್ಲಿ ದೊರೆತವು. ಆ ದಶಕಗಳ ನಕ್ಷೆ ಇರುವ ಸೊಕೆನ್‌ಗಳನ್ನೂ ಇಲ್ಲದ ಸೊಕೆನ್‌ಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ತುಂಬಿ ನೋಡಿದರೆ, ಅಂದಿನ ರಾಜ್ಯದ ದಕ್ಷಿಣದ ಗಡಿ ತಾನಾಗಿಯೇ ಮೂಡಿಬರುತ್ತದೆ.

ನಕ್ಷೆಗಳ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಹಳೆಯ ಜ್ಯಾಮಿತೀಯ ಹಾಳೆಗಳಲ್ಲಿ ಉಳುಮೆಯ ಭೂಮಿ, ಹುಲ್ಲುಗಾವಲು, ಬೇಲಿಗಳನ್ನು ಬೇರೆಯಾಗಿ ತೋರಿಸಿ ಅಕ್ಷರಗಳಿಂದ ಗುರುತು ಹಾಕಿದ್ದಾರೆ. ಜೊತೆಯ ವಿವರಣೆಯಲ್ಲಿ ಯಾವ ಮನೆತನ ಎಷ್ಟು ಬಿತ್ತುತ್ತದೆ, ಎಷ್ಟು ಹೊರೆ ಹುಲ್ಲು ಕೊಯ್ಯುತ್ತದೆ ಎಂದು ಬರೆದಿದೆ. ಸ್ಕೋನೆಗೆ 1803ರಲ್ಲೂ ದೇಶದ ಬಹುಭಾಗಕ್ಕೆ 1807ರಲ್ಲೂ ಹಿಡುವಳಿಗಳನ್ನು ಒಂದೆಡೆ ಕೂಡಿಸುವ ಶಾಸನಗಳು ಬಂದವು, 1827ರಲ್ಲಿ ಲಾಗಾ ಶಿಫ್ಟೆ ಎಂಬ ಶಾಸನ ಅವುಗಳ ಸ್ಥಾನ ಹಿಡಿಯಿತು. ಚೂರುಚೂರಾಗಿದ್ದ ಹೊಲಗಳು ಒಟ್ಟುಗೂಡಿದವು, ಒತ್ತೊತ್ತಾಗಿದ್ದ ಮನೆಗಳನ್ನು ಕಿತ್ತು ದೂರದ ಹೊಸ ಜಮೀನಿಗೆ ಸಾಗಿಸಲಾಯಿತು. ನಮ್ಮಲ್ಲಿ ಪೋಡಿ ಮಾಡಿ ಜಮೀನು ಒಡೆಯುವುದನ್ನು ಕಂಡವರಿಗೆ ಅದರ ತದ್ವಿರುದ್ಧ ಪ್ರಕ್ರಿಯೆ ಎಷ್ಟು ಕಾಗದ ಬೇಡುತ್ತದೆಂಬುದು ಇಲ್ಲಿ ಗೊತ್ತಾಗುತ್ತದೆ.

ಕೊರತೆಗಳನ್ನೂ ಹೇಳಬೇಕು. ಇದು ದಾಖಲೆಗಳ ಸಂಗ್ರಹ; ವರ್ಷವನ್ನು ಬದಲಿಸಿದರೆ ಗಡಿ ಸರಿಯುವುದನ್ನು ತೋರಿಸುವ ಅಟ್ಲಾಸ್ ಅಲ್ಲ. ಹಳೆಯ ಗ್ರಾಮನಕ್ಷೆಯನ್ನು ಇಂದಿನ ಭೂಪಟದ ಮೇಲೆ ಕೂರಿಸುವ ಕೆಲಸ ಬಳಕೆದಾರರದ್ದೇ. ಕ್ಯೂಜಿಐಎಸ್‌ನಂಥ ಉಚಿತ ನಕ್ಷಾ ತಂತ್ರಾಂಶದಲ್ಲಿ ಅದನ್ನು ಮಾಡುವಾಗ ಮನೆಗಳನ್ನಾಗಲೀ ದಾರಿಗಳನ್ನಾಗಲೀ ಆಧಾರಬಿಂದುವಾಗಿ ನಂಬಬಾರದು, ಏಕೆಂದರೆ ಲಾಗಾ ಶಿಫ್ಟೆಯಲ್ಲಿ ಸ್ಥಳ ಬದಲಾದದ್ದು ಅವೇ. ಮಧ್ಯಯುಗದ ಚರ್ಚ್ ಹಳೆಯ ಜಾಗದಲ್ಲೇ ಉಳಿದಿದ್ದರೆ ಅದು ಉತ್ತಮ ಆಧಾರ. ಸೊಕೆನ್ ಗಡಿಗಳು ತಿರುವು ಪಡೆಯುವ ಮೂಲೆಗಳೂ ಕೆಲಸಕ್ಕೆ ಬರುತ್ತವೆ. ನಡುವೆ ಒಂದು ಕಲ್ಲು ನಿಲ್ಲಿಸಿ ಸುತ್ತ ನಾಲ್ಕು ಕಲ್ಲಿಟ್ಟ ಗಡಿಗುರುತುಗಳು ಕಾಡಿನ ಭಾಗಗಳಲ್ಲಿ ಈಗಲೂ ಕಾಣಸಿಗುತ್ತವೆ. 2016ರಲ್ಲಿ ಸ್ವೀಡನ್ ಜಾರಿಗೆ ತಂದ 2,523 ಡಿಸ್ಟ್ರಿಕ್ಟ್‌ಗಳು (ಇವು ಮೇಲೆ ಹೇಳಿದ ಜಿಲ್ಲೆಗಳಲ್ಲ) 1999ರ ಕೊನೆಯಲ್ಲಿದ್ದ ಚರ್ಚ್ ವಿಭಾಗಗಳ ಗಡಿಯನ್ನೇ ಅನುಸರಿಸುವುದರಿಂದ, ಅವುಗಳ ಗಡಿರೇಖೆಗಳನ್ನು ತಳಪದರವಾಗಿ ಹಾಕಿಕೊಂಡರೆ ಶ್ರಮ ಬಹಳ ಕಡಿಮೆಯಾಗುತ್ತದೆ.

ಕಡತಗಳ ಭಾಷೆ ಸ್ವೀಡಿಷ್, ಹಳೆಯವು ಕೈಬರಹದಲ್ಲಿವೆ. ಸ್ವೀಡನ್ನಿನಲ್ಲಿ ನೆಲೆಸಿದ ಕನ್ನಡಿಗರು ತಾವಿರುವ ಊರಿನ ಚರಿತ್ರೆ ಹುಡುಕಲು ಹೊರಟರೆ 1935ರಿಂದ 1978ರವರೆಗೆ ತಯಾರಾದ, ಹೊಲ ಮತ್ತು ಹಿಡುವಳಿ ಗಡಿಗಳನ್ನು ತೋರಿಸುವ ‘ಆರ್ಥಿಕ ನಕ್ಷೆ’ಯಿಂದ ಆರಂಭಿಸುವುದು ಲೇಸು. ಅಚ್ಚಾದ ಹೆಸರುಗಳು ಸ್ಪಷ್ಟವಾಗಿವೆ, ವೈಮಾನಿಕ ಛಾಯಾಚಿತ್ರದ ಹಿನ್ನೆಲೆಯ ಮೇಲೆ ಹೊಲಗಳು ಹಳದಿಯಾಗಿ ಕಾಣುತ್ತವೆ. ಅಲ್ಲಿ ಸೊಕೆನ್ನಿನ ಹೆಸರನ್ನು ಗುರುತು ಹಾಕಿಕೊಂಡು ಲಾಗಾ ಶಿಫ್ಟೆಯ ಕಡತಕ್ಕೆ, ಅಲ್ಲಿಂದ ಇನ್ನೂ ಹಿಂದಿನ ನಕ್ಷೆಗಳಿಗೆ ಹೋಗಬಹುದು.